ಪ್ಲಸ್ಸೋ ಮೈನಸ್ಸೋ: ಒಂದು ಹರಳಿನ ಜೊತೆ ಫಿನ್‌ಲೆಂಡಿಗೆ

ಕೆ.ಆರ್. ಪುರ

ಲೀನಾ ಎಂಬಾಕೆ ಸುಳ್ಳು ಹೇಳುತ್ತಿದ್ದಾಳೆ ಎಂದು ನಾನು ಕೆ.ಆರ್. ಪುರದ ನಮ್ಮ ಅಡುಗೆಮನೆಯಲ್ಲಿ ನಿಂತೇ ತೀರ್ಮಾನಿಸಿಬಿಟ್ಟಿದ್ದೆ. ಫೋನಿನಲ್ಲಿ ಅವಳ ಮೇಲ್ ಇತ್ತು. ಎರಡೇ ಸಾಲು. 'ನೀವು ಕಳಿಸಿದ ಹರಳನ್ನು ಅಳೆದೆವು. ನಮಗೆ ಪ್ಲಸ್ ಬಂತು.' ಹಿಂದೆ ನಮಸ್ಕಾರವಿಲ್ಲ, ಮುಂದೆ ವಿಷಾದವಿಲ್ಲ.

ನಮಗೆ ಬಂದಿದ್ದದ್ದು ಮೈನಸ್. ಆ ಮೈನಸ್ಸಿನ ಮೇಲೆ ನಾವು ಒಂದು ಲೇಖನ ಬರೆದಿದ್ದೆವು.

ಓದುಗರು ಹೆದರಬೇಕಿಲ್ಲ, ವಿಷಯ ಇಷ್ಟೇ. ಕಬ್ಬಿಣ ಬೆರೆತ ಗಾರ್ನೆಟ್ ಎಂಬ ಜಾತಿಯ ಹರಳಿದೆ. ಅದಕ್ಕೆ ಅಯಸ್ಕಾಂತದ ಗುಣವುಂಟು, ಆದರೆ ಅದು ತನ್ನೊಳಗೆ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಅದರ ಮೇಲೆ ಪ್ಲಾಟಿನಂ ಲೋಹದ ತೆಳ್ಳನೆಯ ಲೇಪ. ಒಂದು ಬದಿಯನ್ನು ಬಿಸಿ ಮಾಡಿದರೆ ಹರಳಿನಿಂದ ಒಂದು ಎಲೆಕ್ಟ್ರಾನೂ ಗಡಿ ದಾಟುವುದಿಲ್ಲ. ಆದರೂ ಎಲೆಕ್ಟ್ರಾನುಗಳ ತಿರುಪು, ಅಂದರೆ ನಾವು ಸ್ಪಿನ್ ಎನ್ನುವುದು, ಗಡಿ ದಾಟಿ ಪ್ಲಾಟಿನಂ ಸೇರುತ್ತದೆ. ನಮ್ಮ ಬೀದಿಯಲ್ಲಿ ಕಾಂಪೌಂಡಿನ ಆಚೆಯವರು ಈಚೆ ಬರದೆಯೂ ಸುದ್ದಿ ಬಂದು ಮುಟ್ಟುತ್ತದಲ್ಲ, ಹಾಗೆ. ಸುದ್ದಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಪ್ಲಾಟಿನಂನಲ್ಲಿ ಬಹಳ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಇಂಥ ಜೋಡಿಗಳಲ್ಲಿ ಸಾಮಾನ್ಯವಾಗಿ ಅದು ಪ್ಲಸ್.

ನಾವು ಟರ್ಬಿಯಂ ಎಂಬ ಲೋಹ ಬೆರೆಸಿ ಹರಳನ್ನು ಒಂದು ಬಿಲ್ಲೆಯ ಮೇಲೆ ತೆಳ್ಳನೆಯ ಪೊರೆಯಾಗಿ ಬೆಳೆಸಿದ್ದೆವು, ಮೈನಸ್ ಬಂತು. ಟರ್ಬಿಯಂ ಬೆರೆತ ಗಾರ್ನೆಟ್ ವಿಪರೀತ ಚಳಿಯಲ್ಲಿ ಒಳಗೊಳಗೇ ಮಗ್ಗುಲು ಬದಲಿಸುತ್ತದೆ ಎಂಬುದು ಪುಸ್ತಕದಲ್ಲಿದೆ. ಆದರೆ ಅದು ನೀರು ಹೆಪ್ಪುಗಟ್ಟುವುದಕ್ಕಿಂತ ಎಷ್ಟೋ ಕೆಳಗಿನ ಚಳಿ. ನಮ್ಮ ಕೋಣೆಗೆ ಅದರ ಸಂಬಂಧವಿಲ್ಲವೆಂದು ಕೈಬಿಟ್ಟು, ಹರಳು–ಪ್ಲಾಟಿನಂ ಗಡಿಯಲ್ಲೇ ಏನೋ ಹೊಸದು ನಡೆಯುತ್ತಿದೆ ಎಂದು ಬರೆದೆವು. ಬೇರೆ ಕಡೆಯೂ ಅಳೆಸಿ ಎಂದು ಪತ್ರಿಕೆಯ ಸಂಪಾದಕರು ಕೇಳಿದ್ದರಿಂದ ಒಂದು ತುಂಡು ಫಿನ್‌ಲೆಂಡಿನ ಲೀನಾಳ ಪ್ರಯೋಗಾಲಯಕ್ಕೆ ಹೋಗಿತ್ತು.

ಆ ಮೈನಸ್ಸನ್ನು ಮೊದಲು ಕಂಡವಳು ನಜೀಮಾ, ನನ್ನ ಪಿಎಚ್‌ಡಿ ವಿದ್ಯಾರ್ಥಿನಿ. ಶಿವಾಜಿನಗರದವಳು. ಹಲಸೂರು ಕಡೆಯ ನಮ್ಮ ಪ್ರಯೋಗಾಲಯದಲ್ಲಿ ಯಂತ್ರಗಳಿಗೆ ಒಳ್ಳೆಯದೆಂದು ಎ.ಸಿ. ಹದಿನೆಂಟಕ್ಕಿಟ್ಟಿರುತ್ತೇವೆ, ಹೊರಗೆ ಏಪ್ರಿಲ್ ಬಿಸಿಲು ಸುಡುತ್ತಿದ್ದರೆ ಅವಳು ಒಳಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತಾಳೆ. ಅವಳ ಪ್ರಬಂಧ ಪೂರ್ತಿ ಈ ಮೈನಸ್ಸಿನ ಮೇಲೆ ನಿಂತಿತ್ತು.

"ಅವ್ರು ವೈರ್ ಉಲ್ಟಾ ಹಾಕಿರ್ತಾರೆ ಮೇಡಂ," ಅಂದಳು.

"ಇಲ್ಲಾ, ನಮ್ದು ತಪ್ಪು ಅಂತ ಹೇಳಿ ನಮ್ಮನ್ನ ನಿಲ್ಸೋದು, ಆಮೇಲೆ ತಾವೇ ಬರ್ಕೊಳ್ಳೋದು."

"ಅರೆ, ಹಂಗೂ ಮಾಡ್ತಾರಾ?"

"ಯಾಕ್ ಮಾಡಲ್ಲ?"

ನಾನೇ ಬರುತ್ತೇನೆ, ಎದುರಿಗೇ ಅಳೆಯೋಣ ಎಂದು ಉತ್ತರ ಬರೆದೆ. ಮನೆಯವರು, ಗಿರೀಶ್, ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಒಳಗೆ ತೊಡುವ ಉಣ್ಣೆ ಬಟ್ಟೆ ತಂದರು. "ಎರಡೆರಡು ಹಾಕ್ಕೋ. ಅಲ್ಲಿ ಮೂಳೆ ಕೊರೆಯತ್ತಂತೆ." ನಾನು ಬಟ್ಟೆಗಿಂತ ಮೊದಲು ಹರಳು ಜೋಡಿಸಿಕೊಂಡೆ. ಲೀನಾಳಿಗೆ ಕಳಿಸಿದ ತುಂಡಿನ ಒಡಹುಟ್ಟು ಅದು. ಅದರ ಬೆನ್ನಿನ ಮೂಲೆಯಲ್ಲಿ ವಜ್ರದ ಮೊನೆಯಿಂದ ಕೂದಲೆಳೆಯಷ್ಟು ಗೀರು ಹಾಕಿದೆ. ಯಾರಾದರೂ ಬದಲಾಯಿಸಿದರೆ ನನಗೆ ಗೊತ್ತಾಗಬೇಕಲ್ಲ.

ಹೆಲ್ಸಿಂಕಿ

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್‌ನ ತರುಣನೊಬ್ಬ ಹರಳಿನ ಡಬ್ಬಿ ತೆರೆದ. ಹೊಳೆಯುವ ಚೂರು ನೋಡಿ, ಇದೇನು ಎಂದ.

"ಗಾರ್ನೆಟ್," ಅಂದೆ.

"ಆಭರಣದ ಕಲ್ಲೇ?"

"ಆ ಜಾತಿಯದೇ, ಆದರೆ ಇದು ಆಭರಣದ್ದಲ್ಲ."

"ಮೇಲೆ ಹೊಳೆಯುವುದು?"

"ಪ್ಲಾಟಿನಂ."

ಅವನು ನನ್ನ ಕೈಬಳೆ ನೋಡಿದ, ಕಿವಿಯೋಲೆ ನೋಡಿದ, ಮತ್ತೆ ಚೂರು ನೋಡಿದ. ಮಾರಲು ತಂದಿದ್ದೀರಾ ಎಂದು ಕೇಳಿದ. ಹೇಳಿದ ಒಂದೊಂದು ನಿಜವೂ ನನ್ನನ್ನು ಇನ್ನಷ್ಟು ಕಳ್ಳಿಯಾಗಿಸುತ್ತಿತ್ತು. ನಮ್ಮೂರಲ್ಲಾದರೆ ಇಷ್ಟು ಹೊತ್ತಿಗೆ ನಾಲ್ಕು ಜನ ಸೇರಿ, ಒಬ್ಬರು ನನ್ನ ಪರ, ಒಬ್ಬರು ಅವನ ಪರ ಮಾತಾಡಿ, ಹೇಗೋ ಇತ್ಯರ್ಥವಾಗುತ್ತಿತ್ತು. ಇಲ್ಲಿ ಹಿಂದಿನ ಸಾಲಿನವರು ಕೆಮ್ಮಲೂ ಇಲ್ಲ. ಪ್ರಯೋಗಾಲಯದ ಆಹ್ವಾನಪತ್ರ ತೋರಿಸಿದ ಮೇಲೆ ಡಬ್ಬಿ ವಾಪಸ್ ಕೊಟ್ಟ. ಹೊರಗೆ ಬಂದವಳೇ ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಫೋನಿನ ಬೆಳಕಿನಲ್ಲಿ ಗೀರು ಇದೆಯೇ ಎಂದು ನೋಡಿದೆ. ಇತ್ತು.

ರೈಲಿನಲ್ಲಿ

ಅಲ್ಲಿಂದ ಉತ್ತರಕ್ಕೆ ರೈಲು. ಇಳಿಯುವ ಊರಿನ ಹೆಸರು ಬರೆಯುವುದಿಲ್ಲ; ಬರೆದರೆ ಲೀನಾ ಯಾರೆಂದು ತಿಳಿದುಬಿಡುತ್ತದೆ. ಸರೋವರದ ಊರು ಅಂದರೆ ಸಾಕು. ಆ ದೇಶದಲ್ಲಿ ಯಾವ ಊರಿಗೆ ಹಾಗಂದರೂ ನಡೆಯುತ್ತದೆ.

ಹೊರಟು ಸ್ವಲ್ಪ ಹೊತ್ತಾಗಿರಬೇಕು. ನನ್ನ ಸೀಟಿನ ಪಕ್ಕ ಒಬ್ಬ ಹೆಂಗಸು ಬಂದು ನಿಂತಳು. ಬೇರೆ ಸೀಟುಗಳು ಖಾಲಿಯಿದ್ದರೂ ಕೂರಲಿಲ್ಲ. ನನ್ನ ಬ್ಯಾಗಿನ ಕಡೆಗೊಮ್ಮೆ, ಕಿಟಕಿಯ ಕಡೆಗೊಮ್ಮೆ ನೋಡುತ್ತ ನಿಂತೇ ಇದ್ದಳು. ನಾನು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಅಪ್ಪಿದೆ. ಒಂದು ನಿಲ್ದಾಣ ಹೋಯಿತು, ಎರಡು ಹೋಯಿತು. ಟಿಕೆಟ್ ನೋಡುವವನು ಬಂದಾಗ ಗುಟ್ಟು ಬಯಲಾಯಿತು: ನಾನು ಕೂತಿದ್ದದ್ದು ಅವಳ ಸೀಟು. ಹೇಳಿದರೆ ನನಗೆ ಮುಜುಗರವಾದೀತೆಂದು ಸುಮ್ಮನೆ ನಿಂತಿದ್ದಳಂತೆ. ಶಿವಾಜಿನಗರದ ಬಸ್ಸಿನಲ್ಲಾಗಿದ್ದರೆ ಕನ್ನಡ, ತಮಿಳು, ಉರ್ದು ಮೂರರಲ್ಲೂ ಎಬ್ಬಿಸಿರುತ್ತಿದ್ದರು.

ಸರೋವರದ ಊರು

ಹಿಮ ಕರಗುವ ಕಾಲ. ಚಳಿಗಾಲದಲ್ಲಿ ಜನ ಜಾರದಿರಲೆಂದು ಹಾದಿಗೆ ಸುರಿದ ಜಲ್ಲಿ ಈಗ ಕಾಲಡಿ ಕರಕರ ಎನ್ನುತ್ತಿತ್ತು. ನಿಲ್ದಾಣದಲ್ಲಿ ಬೆಳ್ಳಿಕೂದಲಿನ ಎತ್ತರದ ಹೆಂಗಸು ಕಾದಿದ್ದಳು. "ಲೀನಾ ಅಲ್ಲ, ಲೇನಾ," ಎಂದು ತಿದ್ದಿದಳು. ನಾನು ಮನಸ್ಸಿನಲ್ಲಿ ಫ್ರೇಜರ್ ಟೌನಿನ ಯಾವುದೋ ಲೀನಾಳನ್ನು ಕಲ್ಪಿಸಿಕೊಂಡು ಜಗಳವಾಡುತ್ತ ಬಂದಿದ್ದೆ. ಅವಳ ಜಾಗದಲ್ಲಿ ಇವಳನ್ನು ಕೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅವರ ಭಾಷೆಯಲ್ಲಿ ಜೆ ಅಕ್ಷರಕ್ಕೆ ಯಕಾರ. ಹಾಗಾಗಿ ಶೈಲಜಾ ಎಂಬ ನಾನು ಶೈಲಾಯಾ ಆದೆ. ಅಲ್ಲಿ ಪ್ರೊಫೆಸರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಾನೂ ಏಕವಚನದಲ್ಲೇ ಬರೆಯುತ್ತಿದ್ದೇನೆ. ಮಾತು ನಡೆದದ್ದು ಇಂಗ್ಲಿಷಿನಲ್ಲಿ.

ಕಾರಿನಲ್ಲಿ ನಾನು ಏನೇ ಹೇಳಿದರೂ ಲೇನಾ ಗಾಬರಿಬಿದ್ದವಳಂತೆ ಉಸಿರನ್ನು ಒಳಗೆಳೆದುಕೊಳ್ಳುತ್ತಿದ್ದಳು. "ನಮ್ಮ ಹರಳು ಚೆನ್ನಾಗಿ ಬೆಳೆದಿದೆ," ಅಂದರೆ ಹ್ಹೋ! "ನಾಳೆಯೇ ಶುರು ಮಾಡೋಣ," ಅಂದರೆ ಹ್ಹೋ! ಏನನ್ನೋ ಬಚ್ಚಿಟ್ಟಿದ್ದಾಳೆ, ಸಿಕ್ಕಿಬೀಳುವ ಭಯ ಎಂದುಕೊಂಡೆ. ಆಮೇಲೆ ವಸತಿಗೃಹದವಳೂ ಬೀಗದ ಕೈ ಕೊಡುವಾಗ ಹಾಗೇ ಮಾಡಿದಳು. ಅವರಲ್ಲಿ 'ಯೋ' ಅಂದರೆ ಹೌದು. ಅದನ್ನು ಉಸಿರು ಒಳಗೆಳೆಯುತ್ತಲೇ ಹೇಳುವ ರೂಢಿಯಂತೆ.

ಕಟ್ಟಡಗಳ ಒಳಗೆ ಮಾತ್ರ ಸೆಖೆಯೋ ಸೆಖೆ. ಹೊರಗೆ ಸರೋವರದ ಮೇಲೆ ಮಂಜುಗಡ್ಡೆ, ಒಳಗೆ ಎಲ್ಲರೂ ಅರ್ಧ ತೋಳಿನ ಅಂಗಿಯಲ್ಲಿ. ನಾನೊಬ್ಬಳು ಗಿರೀಶರ ಉಣ್ಣೆಯೊಳಗೆ ಬೇಯುತ್ತಿದ್ದೆ.

ಮೊದಲ ಅಳತೆ

ಮಾರನೆಯ ಬೆಳಿಗ್ಗೆ ಲೇನಾ ನನ್ನ ಡಬ್ಬಿ ತೆಗೆದುಕೊಂಡು ತಂತಿ ಜೋಡಿಸಲು ಒಳಕೋಣೆಗೆ ಹೋದಳು. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲವೆಂದಳು. ಗಾಜಿಗೆ ಮುಖ ಒತ್ತಿ ನಿಂತರೂ ನನಗೆ ಅವಳ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಬಂದಳು, ಹರಳನ್ನು ಅಯಸ್ಕಾಂತದ ನಡುವೆ ಇಟ್ಟಳು, ಬಿಸಿ ಹಚ್ಚಿದಳು. ಪರದೆಯ ಮೇಲೆ ಗೆರೆ ಮೇಲೇರಿತು. ಪ್ಲಸ್. ಅನುಮಾನಕ್ಕೆ ಎಡೆಯೇ ಇಲ್ಲದ ಪ್ಲಸ್.

"ಬಿಚ್ಚಿ. ಮೈಕ್ರೋಸ್ಕೋಪಿನಲ್ಲಿ ನೋಡಬೇಕು," ಅಂದೆ.

ಬೆನ್ನಿನಲ್ಲಿ ಗೀರಿರಲಿಲ್ಲ. ನಾಲ್ಕೂ ಮೂಲೆ ಹುಡುಕಿದೆ.

"ಇದು ನನ್ನದಲ್ಲ."

"ಅಲ್ಲ," ಅಂದಳು ಲೇನಾ, ಕಣ್ಣು ಮಿಟುಕಿಸದೆ. "ಇದು ನಮ್ಮದು. ಟರ್ಬಿಯಂ ಇಲ್ಲದ ಸಾಮಾನ್ಯ ಗಾರ್ನೆಟ್. ಇದರಲ್ಲಿ ಪ್ಲಸ್ಸೇ ಬರಬೇಕು. ನೀವು ಇದನ್ನೂ ಮೈನಸ್ ಅನ್ನುತ್ತೀರೋ ನೋಡಬೇಕಿತ್ತು."

"ನೇರವಾಗಿ ಕೇಳಬಹುದಿತ್ತು."

"ಕೇಳಿದ್ದರೆ ನೀವು ಎಚ್ಚರವಾಗುತ್ತಿದ್ದಿರಿ. ಅದಿರಲಿ, ಬೇರೆ ಎಂದು ಹೇಗೆ ತಿಳಿಯಿತು?"

"ಗುರುತಿಗೆ ಗೀರು ಹಾಕಿದ್ದೆ."

"ಹಾಗಾದರೆ ನೀವೂ ನನ್ನನ್ನು ನಂಬಿರಲಿಲ್ಲ."

"ಇಲ್ಲ."

"ಒಳ್ಳೆಯದಾಯಿತು," ಎಂದು ಲೇನಾ ಕಾಫಿ ಬಗ್ಗಿಸಿದಳು. "ಈಗ ಕೆಲಸ ಮಾಡಬಹುದು."

ಆಮೇಲೆ ನನ್ನ ಹರಳಿಗೆ ನನ್ನ ಕಣ್ಣೆದುರೇ ತಂತಿ ಜೋಡಿಸಿದೆವು. ಅದರಲ್ಲೂ ಪ್ಲಸ್ಸೇ ಬಂತು. ತಂತಿ ಅದಲುಬದಲಾಗಿದೆಯೇ ಎಂದು ನೋಡಿದೆ, ಇರಲಿಲ್ಲ. ಅಯಸ್ಕಾಂತದ ಉತ್ತರ ಧ್ರುವ ನಿಜವಾಗಿ ಉತ್ತರವೇ ಎಂದು ಕೇಳಿದೆ. ಲೇನಾ ತಾನು ಕಾಡಿಗೆ ಒಯ್ಯುವ ದಿಕ್ಸೂಚಿ ತಂದುಕೊಟ್ಟಳು. ಅದರ ಮೇಲೂ ಅನುಮಾನ ಬಂದು, ಮಧ್ಯಾಹ್ನ ಹೊರಗೆ ಹೋಗಿ ಸೂರ್ಯ ಯಾವ ಕಡೆಗಿದ್ದಾನೆಂದು ನೋಡಿ ತಾಳೆ ಹಾಕಿದೆ. ಎಲ್ಲ ಸರಿಯಿತ್ತು. ಅವಳು ಒಂದಕ್ಕೂ ಬೇಸರಿಸಿಕೊಳ್ಳಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ಬೈದಿದ್ದರೆ ಅವಳೇ ಸುಳ್ಳಿ ಎಂದು ನೆಮ್ಮದಿಯಾಗಿರಬಹುದಿತ್ತು.

ಇಲ್ಲಿ ಎಲ್ಲ ಸರಿ ಎಂದರೆ ತಪ್ಪು ಅಲ್ಲಿರಬೇಕು. ಅಲ್ಲಿ ತಂತಿ ಜೋಡಿಸಿದವಳು ನಜೀಮಾ. ಗೊತ್ತಿಲ್ಲದೆ ಮಾಡಿದಳೋ? ಪ್ರಬಂಧ ಬೇಗ ಮುಗಿಯಲೆಂದು ಗೊತ್ತಿದ್ದೂ ಸುಮ್ಮನಿದ್ದಳೋ? ಇಂಥ ಯೋಚನೆ ಒಮ್ಮೆ ಬಂದರೆ ಹೋಗುವುದಿಲ್ಲ. ಅವಳಿಗೆ ಒಂದು ಮೆಸೇಜ್ ಹಾಕಿದೆ: 'ವೈರ್ ಕನೆಕ್ಷನ್ ಫೋಟೋ ಎಲ್ಲ ಕಡೆಯಿಂದ ತೆಗ್ದು ಕಳ್ಸು.'

ಫೋಟೋಗಳು ಬಂದವು. ಅವುಗಳ ಕೆಳಗೆ, 'ಮೇಡಂ, ನನ್ ಮೇಲೆ ಡೌಟಾ?'

ನಾನು ಉತ್ತರ ಕೊಡಲಿಲ್ಲ. ಫೋಟೋಗಳಲ್ಲಿ ತಪ್ಪೇನೂ ಕಾಣಲಿಲ್ಲ.

ಕಿಟಕಿ

ಹೀಗೆ ಕೆಲವು ದಿನ ಪ್ಲಸ್ ನೋಡಿ ನೋಡಿ ಇಬ್ಬರಿಗೂ ಮಾತು ಬತ್ತಿತ್ತು. ಆವತ್ತು ನಾನು ಪರದೆಯ ಮುಂದೆ ಕೈಕಟ್ಟಿ ನಿಂತಿದ್ದೆ. ಹಣೆಯಿಂದ ಬೆವರು ಇಳಿಯುತ್ತಿತ್ತು. ಲೇನಾ ನೋಡಿದಳು, ಏನೂ ಕೇಳದೆ ಎದ್ದು ಹೋಗಿ ಹರಳಿದ್ದ ಮೇಜಿನ ಹಿಂದಿನ ಕಿರುಗಿಟಕಿ ತೆರೆದಳು. ಸರೋವರದ ಕಡೆಯ ಗಾಳಿ ಕತ್ತಿಯಂತೆ ಒಳಗೆ ಬಂತು. ಆಹಾ ಎಂದು ಮುಖ ಒಡ್ಡಿದೆ.

ಪರದೆಯ ಮೇಲಿನ ಗೆರೆ ಇಳಿಯತೊಡಗಿತು. ನಿಧಾನಕ್ಕೆ, ಸೊರಗುವವರಂತೆ. ಸೊನ್ನೆಗೆ ಬಂತು. ಅಲ್ಲಿ ತುಸು ತಡವರಿಸಿ, ಕೆಳಗಿಳಿಯಿತು. ಮೈನಸ್.

"ಮ್ಯಾಗ್ನೆಟ್ಟಿನ ಸ್ವಿಚ್ಚು ಮುಟ್ಟಿದಿರಾ?" ಲೇನಾಳ ಧ್ವನಿ ಮೊದಲ ಸಲ ಏರಿತ್ತು.

"ನಾನು ಕೈಕಟ್ಟಿ ನಿಂತಿದ್ದೇನೆ. ಅಲ್ಲಿ ಹಿಂದೆ ನೀವೇನು ಮಾಡಿದಿರಿ?"

"ಕಿಟಕಿ ತೆರೆದೆ."

ಇಬ್ಬರೂ ಕಿಟಕಿ ನೋಡಿದೆವು, ಪರದೆ ನೋಡಿದೆವು, ಒಬ್ಬರ ಕೈಯನ್ನು ಇನ್ನೊಬ್ಬರು ನೋಡಿದೆವು. ಲೇನಾ ಕಿಟಕಿ ಮುಚ್ಚಿದಳು. ಕೋಣೆ ಮತ್ತೆ ಬಿಸಿಯಾಗುತ್ತಿದ್ದಂತೆ ಗೆರೆ ಮೆಲ್ಲಗೆ ಮೇಲಕ್ಕೆ ಬಂದು, ಸೊನ್ನೆ ದಾಟಿ, ಪ್ಲಸ್ ಆಯಿತು. ಈ ಸಲ ನಾನು ಹೋಗಿ ತೆರೆದೆ. ಮತ್ತೆ ಮೈನಸ್.

"ಟರ್ಬಿಯಂ," ಅಂದಳು ಲೇನಾ.

ಹರಳಿನೊಳಗೆ ಕಬ್ಬಿಣದ ಬಣವೊಂದು, ಟರ್ಬಿಯಂ ಬಣವೊಂದು. ಎರಡಕ್ಕೂ ಎದುರುಬದುರು ಮುಖ. ಸೆಖೆಯಲ್ಲಿ ಕಬ್ಬಿಣದ ಕೈ ಮೇಲು, ಚಳಿಯಲ್ಲಿ ಟರ್ಬಿಯಂನದು. ಕೈ ಬದಲಾದಾಗ ಗಡಿ ದಾಟುವ ಸ್ಪಿನ್ನಿನ ದಿಕ್ಕೂ ಬದಲಾಗುತ್ತದೆ. ಪುಸ್ತಕದಲ್ಲಿದ್ದ ಲೆಕ್ಕ ದಪ್ಪ ಹರಳಿನದು. ನಮ್ಮದು ತೆಳ್ಳನೆಯ ಪೊರೆ. ನಮ್ಮ ಪೊರೆಯಲ್ಲಿ ಆ ಬದಲಾವಣೆ ಮೇಲೆ ಮೇಲೆ ಬಂದು, ಮನುಷ್ಯರು ಕೂರುವ ಕೋಣೆಯ ಹಿತವಾದ ಬಿಸಿಯಲ್ಲೇ ನೆಲೆಸಿತ್ತು.

ನಾವು ಹಲಸೂರಿನಲ್ಲಿ ಎ.ಸಿ. ಹಾಕಿ ಚಳಿಯಲ್ಲಿ ಅಳೆದಿದ್ದೆವು. ಇವರು ಉತ್ತರ ಧ್ರುವದ ನೆರೆಯಲ್ಲಿ ಕೂತು ಸೆಖೆಯಲ್ಲಿ ಅಳೆದಿದ್ದರು. ಯಾರೂ ಸುಳ್ಳು ಹೇಳಿರಲಿಲ್ಲ. ಆದರೆ ಗಡಿಯಲ್ಲಿ ಹೊಸದೇನೋ ನಡೆಯುತ್ತಿದೆ ಎಂದು ನಾವು ಬರೆದಿದ್ದೆವಲ್ಲ, ಅಲ್ಲಿ ಹೊಸದೇನೂ ನಡೆಯುತ್ತಿರಲಿಲ್ಲ. ನಾನು ಕುರ್ಚಿ ಎಳೆದುಕೊಂಡು ಕೂತೆ. ಮೊದಲ ಸಲ ನನಗೆ ಅಲ್ಲಿ ಚಳಿಯಾಯಿತು.

ಲೇನಾಳ ಮನೆ

ಅಂದು ಕೆಲಸ ಬೇಗ ಮುಗಿಸಿ ಲೇನಾ ತನ್ನ ಮನೆಗೆ ಕರೆದೊಯ್ದಳು. ಬಾಗಿಲಲ್ಲೇ ಚಪ್ಪಲಿ ಬಿಡುವ ಪದ್ಧತಿ ಅವರಲ್ಲೂ ಇದೆ. ನಮ್ಮ ಕಡೆಯ ಮನೆಗೇ ಬಂದಂತಾಯಿತು. ಅನ್ನದ ಗಂಜಿಯನ್ನು ಕಪ್ಪು ರೊಟ್ಟಿಯ ದೋಣಿಯಲ್ಲಿ ತುಂಬಿ ಸುಟ್ಟ ತಿಂಡಿ ಕೊಟ್ಟಳು. ಮೇಲೆ ಬೆಣ್ಣೆಗೆ ಮೊಟ್ಟೆ ಕಲಸಿ ಹಚ್ಚುತ್ತಾರಂತೆ. ನಾನು ಮೊಟ್ಟೆ ತಿನ್ನುವುದಿಲ್ಲವೆಂದು ಮೊದಲ ದಿನ ಕಾರಿನಲ್ಲಿ ಯಾವ ಮಾತಿನ ನಡುವೆಯೋ ಹೇಳಿದ್ದೆ; ನನ್ನ ತಟ್ಟೆಯದಕ್ಕೆ ಬರೀ ಬೆಣ್ಣೆ ಹಚ್ಚಿದ್ದಳು. ಆದರೂ ಒಂದನ್ನು ಮುರಿದು ಮೂಸಿಯೇ ತಿಂದೆ.

"ಇದನ್ನು ಸೇರಿ ಬರೆಯೋಣ," ಅಂದಳು. "ತೆಳು ಪೊರೆಯಲ್ಲಿ ಈ ಬದಲಾವಣೆ ಇಷ್ಟು ಮೇಲಕ್ಕೆ ಯಾಕೆ ಬಂತು ಎಂಬುದು ಒಳ್ಳೆಯ ಪ್ರಶ್ನೆ."

ಮೊದಲ ಹೆಸರು ಯಾರದು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ನಾಚಿಕೆಯಾಗಿ ನುಂಗಿಕೊಂಡೆ. "ಮೊದಲು ನಜೀಮಾಗೆ ಹೇಳಬೇಕು," ಅಂದೆ.

ಬೆಂಗಳೂರಿನಲ್ಲಿ ಆಗ ಸಂಜೆ. ವಿಡಿಯೋದಲ್ಲಿ ನಜೀಮಾ ಸ್ವೆಟರಿನಲ್ಲೇ ಕಂಡಳು. ಪೂರ್ತಿ ಕೇಳಿಸಿಕೊಂಡಳು.

"ಅಂದ್ರೆ ನಮ್ ಪೇಪರ್ ತಪ್ಪಾ?"

"ಅಳತೆ ಸರಿ. ನಾವ್ ಹೇಳಿದ್ ಕಾರಣ ತಪ್ಪು."

"ಕಿಟಕಿ ತೆಗ್ದ್ರೆ ಮೈನಸ್, ಹಾಕಿದ್ರೆ ಪ್ಲಸ್?"

"ಹೂಂ. ನಾನೇ ನೋಡ್ದೆ."

"ನೀವ್ ನೋಡಿದ್ರಿ ಅಂತ ನಾನ್ ನಂಬ್ಬೇಕಾ ಮೇಡಂ? ನಾನ್ ನೋಡಿದ್ದನ್ನ ನೀವ್ ನಂಬ್ದೆ ಫೋಟೋ ಕೇಳಿದ್ರಿ."

ನಾನು ಫೋನನ್ನು ಕಾಫಿ ಲೋಟಕ್ಕೆ ಒರಗಿಸಿಟ್ಟೆ.

"ಹರಳು ವಾಪಸ್ ತನ್ನಿ. ನಾನೇ ನೋಡ್ತೀನಿ. ಅಲ್ಲೀವರ್ಗೂ ನಂಗೆ ಮೈನಸ್ಸೇ."

ಏನಂದಳು ಎಂದು ಲೇನಾ ಕೇಳಿದಳು. ಹೇಳಿದೆ. ಅಲ್ಲಿಯವರೆಗೆ ನಾನು ಅವಳ ಹಲ್ಲು ನೋಡಿರಲಿಲ್ಲ. ಈಗ ತಲೆ ಹಿಂದಕ್ಕೆ ಹಾಕಿ ನಕ್ಕಳು. "ಈ ಹುಡುಗಿಯನ್ನು ನನಗೆ ಕೊಟ್ಟುಬಿಡಿ," ಅಂದಳು. ಇದಕ್ಕೇ ಇವಳು ನನ್ನನ್ನು ಬರಗೊಟ್ಟಳೋ ಎಂದು ಮತ್ತೊಂದು ಹುಳ ನನ್ನ ತಲೆ ಹೊಕ್ಕಿತು.

ಹಲಸೂರು

ಊರಿಗೆ ಬಂದ ಮಾರನೆಯ ದಿನ ಮೆಟ್ರೋದಲ್ಲಿ ನಿಂತು ಹಲಸೂರಿಗೆ ಹೋದೆ. ನಜೀಮಾ ಬಾಗಿಲಲ್ಲೇ ಕೈಚಾಚಿ ಡಬ್ಬಿ ತೆಗೆದುಕೊಂಡಳು. ಹೇಗಿತ್ತು ಪ್ರವಾಸ ಎಂದೂ ಕೇಳಲಿಲ್ಲ. ಎ.ಸಿ. ಆಗಲೇ ಆರಿಸಿದ್ದಳು. ಒಳಗೆ ಹೋಗಲೆಂದು ನಾನು ಹೆಜ್ಜೆಯಿಟ್ಟೆ.

"ನೀವ್ ಹೊರಗಿರಿ ಮೇಡಂ. ನೀವ್ ಪಕ್ಕದಲ್ಲಿದ್ರೆ ನೀವ್ ಹೇಳಿದ್ದೇ ನಂಗೆ ಕಾಣ್ಸತ್ತೆ."

ನನ್ನದೇ ಪ್ರಯೋಗಾಲಯ. ಆದರೂ ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದ ಕಟ್ಟಡದಲ್ಲಿ ಕಲ್ಲು ಕೊಯ್ಯುವ ಸದ್ದಿತ್ತು. ಒಳಗಿನಿಂದ ಒಂದು ಸದ್ದೂ ಇಲ್ಲ. ತಂತಿ ಸರಿ ಹಿಡಿಯಿತೋ ಇಲ್ಲವೋ, ಹರಳು ದಾರಿಯಲ್ಲಿ ಕೆಟ್ಟಿತೋ, ಅಲ್ಲಿ ಕಂಡದ್ದು ಬರೀ ಗಾಳಿಯ ಆಟವೋ ಎಂದು ನನಗೇ ಅನುಮಾನ ಶುರುವಾಯಿತು. ಚಹಾ ತಂದವರು ಎರಡು ಸಲ ಬಂದು ಹೋದರು.

ಬಾಗಿಲು ತೆರೆಯಿತು. ನಜೀಮಾ ಸ್ವೆಟರ್ ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಮುಖವೆಲ್ಲ ಬೆವರು, ಕಣ್ಣು ಕೆಂಪಗಿತ್ತು, ಸೆಖೆಗೋ ಅಳುವಿಗೋ ಕೇಳಲಿಲ್ಲ.

"ತಿರುಗ್ತು," ಅಂದಳು. "ಮೂರ್ ಸಲ ನೋಡ್ದೆ. ಮೂರ್ ಸಲಾನೂ ತಿರುಗ್ತು."

"ಫೋಟೋ ಕೇಳ್ಬಾರ್ದಿತ್ತು ನಾನು."

"ಕೇಳ್ಬೇಕಿತ್ತು ಮೇಡಂ. ಯಾಕ್ ಕೇಳ್ತಿದೀನಿ ಅಂತ ಹೇಳ್ಬೇಕಿತ್ತು, ಅಷ್ಟೆ."

ಒಳಗೆ ಹೋಗಿ ಪತ್ರಿಕೆಯ ಸಂಪಾದಕರಿಗೆ ಮೇಲ್ ಬರೆಯಲು ಕೂತೆ. ಲೇಖನ ಹಿಂತೆಗೆದುಕೊಳ್ಳುತ್ತಿದ್ದೇವೆ, ಮೈನಸ್ಸಿಗೆ ನಾವು ಕೊಟ್ಟ ಕಾರಣ ತಪ್ಪಿರಬಹುದೆಂದು ತೋರುತ್ತದೆ ಎಂದು ಬರೆದೆ. ನಜೀಮಾ ಹಿಂದೆ ನಿಂತು ಓದುತ್ತಿದ್ದಳು. ಬಗ್ಗಿ, ಕೀಲಿಮಣೆ ತನ್ನ ಕಡೆಗೆ ಎಳೆದುಕೊಂಡು, 'ತಪ್ಪಿರಬಹುದೆಂದು ತೋರುತ್ತದೆ' ಎಂಬುದನ್ನು ಅಳಿಸಿ 'ತಪ್ಪು' ಎಂದಷ್ಟೇ ಹಾಕಿದಳು. ನಾನು ಏನಾದರೂ ಅನ್ನುವ ಮೊದಲೇ ಕಳಿಸಿಯೂ ಬಿಟ್ಟಳು.